ಕ್ಯಾನ್ಸರ್ ಕೋಶಗಳ ಕ್ರೊಮ್ಯಾಟಿನ್ ಮತ್ತು ಬೆಳಕಿನ ಸೂಕ್ಷ್ಮದರ್ಶಕ: ಪದೇ ಪದೇ ಕೇಳುವ ಪ್ರಶ್ನೆಗಳು

ಜೀವಶಾಸ್ತ್ರ ಮತ್ತು ಪೆಥಾಲಜಿ ಓದುತ್ತಿರುವವರು, ಪ್ರಯೋಗಾಲಯದಲ್ಲಿ ಸ್ಲೈಡ್ ತಯಾರಿಸುವ ತಂತ್ರಜ್ಞರು ಮತ್ತು ತಮ್ಮ ಮನೆಯವರ ಬಯಾಪ್ಸಿ ವರದಿಯನ್ನು ಅರ್ಥ ಮಾಡಿಕೊಳ್ಳಲು ಬಯಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಕ್ರೊಮ್ಯಾಟಿನ್ ನಿಜವಾಗಿಯೂ ಕಾಣುತ್ತದೆಯೇ?

ಕೋಶಕೇಂದ್ರದಲ್ಲಿ ಡಿಎನ್‌ಎ ಮತ್ತು ಪ್ರೋಟೀನುಗಳು ಹೆಣೆದುಕೊಂಡಿರುವ ವಸ್ತುವೇ ಕ್ರೊಮ್ಯಾಟಿನ್. ಅದು ಕಾಣುತ್ತದೆ, ಆದರೆ ಅದರ ಒಂದೊಂದು ಎಳೆ ಕಾಣುವುದಿಲ್ಲ. ಮನುಷ್ಯನ ಒಂದು ಜೀವಕೋಶದಲ್ಲಿ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಅದರ 147 ಅಕ್ಷರಜೋಡಿಗಳಷ್ಟು ಉದ್ದದ ತುಣುಕು ಎಂಟು ಹಿಸ್ಟೋನ್ ಪ್ರೋಟೀನುಗಳ ಗುಂಪನ್ನು ಸುತ್ತಿಕೊಂಡಾಗ ಒಂದು ನ್ಯೂಕ್ಲಿಯೊಸೋಮ್ ಆಗುತ್ತದೆ. ಇದರ ಅಡ್ಡಗಲ ಸುಮಾರು 11 ನ್ಯಾನೋಮೀಟರ್. ಇಂಥ ಕೋಟಿಗಟ್ಟಲೆ ನ್ಯೂಕ್ಲಿಯೊಸೋಮ್‌ಗಳು ಸಾಮಾನ್ಯವಾಗಿ 5ರಿಂದ 10 ಮೈಕ್ರೋಮೀಟರ್ ಅಗಲದ ಕೋಶಕೇಂದ್ರದಲ್ಲಿ ಅಡಕವಾಗಿರುತ್ತವೆ. ಸಾಧಾರಣ ಬೆಳಕಿನ ಸೂಕ್ಷ್ಮದರ್ಶಕ ಎಷ್ಟೇ ಉತ್ತಮವಾಗಿದ್ದರೂ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ತೋರಿಸಲಾರದು. ಹೀಗಾಗಿ ನಮಗೆ ಕಾಣುವುದು ಕ್ರೊಮ್ಯಾಟಿನ್ ಎಲ್ಲಿ ದಟ್ಟವಾಗಿದೆ, ಎಲ್ಲಿ ಸಡಿಲವಾಗಿದೆ ಎಂಬ ಹಂಚಿಕೆ ಮಾತ್ರ.

ಆ ಹಂಚಿಕೆಯೇ ಬಹಳಷ್ಟನ್ನು ಹೇಳುತ್ತದೆ. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ 1880ರ ಆಸುಪಾಸಿನಲ್ಲಿ ಕೋಶವಿಭಜನೆಯನ್ನು ವಿವರಿಸಿದ್ದು, 1928ರಲ್ಲಿ ಎಮಿಲ್ ಹೈಟ್ಜ್ ಪಾಚಿಸಸ್ಯಗಳ ಕೋಶಗಳಲ್ಲಿ ಸದಾ ಗಾಢವಾಗಿಯೇ ಉಳಿಯುವ ಹೆಟೆರೊಕ್ರೊಮ್ಯಾಟಿನ್ ಅನ್ನು ತಿಳಿಯಾಗಿ ಕಾಣುವ ಯೂಕ್ರೊಮ್ಯಾಟಿನ್‌ನಿಂದ ಬೇರ್ಪಡಿಸಿದ್ದು ಬೆಳಕಿನ ಸೂಕ್ಷ್ಮದರ್ಶಕದಿಂದಲೇ. ದಟ್ಟವಾಗಿ ಮಡಚಿಕೊಂಡಿರುವ ಭಾಗದ ಜೀನ್‌ಗಳು ಬಹುಮಟ್ಟಿಗೆ ಸುಮ್ಮನಿರುತ್ತವೆ ಮತ್ತು ಸಡಿಲವಾಗಿರುವ ಭಾಗದಲ್ಲಿ ಚಟುವಟಿಕೆ ಹೆಚ್ಚು ಎಂಬುದು ಆಮೇಲೆ ತಿಳಿದ ವಿಷಯ.

ಕ್ಯಾನ್ಸರ್ ಕೋಶದ ಕ್ರೊಮ್ಯಾಟಿನ್ ಯಾವ ರೀತಿಯಲ್ಲಿ ಬೇರೆಯಾಗಿ ಕಾಣುತ್ತದೆ?

ಎಲ್ಲ ಕ್ಯಾನ್ಸರ್‌ಗಳಿಗೂ ಅನ್ವಯಿಸುವ ಒಂದೇ ಚಿತ್ರವಿಲ್ಲ. ಪಠ್ಯಪುಸ್ತಕಗಳಲ್ಲಿ ಕೋಶಕೇಂದ್ರ ದೊಡ್ಡದಾಗುವುದು, ಗಾಢವಾಗುವುದು, ಅಂಚು ಅಂಕುಡೊಂಕಾಗುವುದು, ಕ್ರೊಮ್ಯಾಟಿನ್ ಒರಟು ಮುದ್ದೆಗಳಾಗುವುದು ಮತ್ತು ನ್ಯೂಕ್ಲಿಯೋಲಸ್ (ಕೋಶಕೇಂದ್ರದೊಳಗಿನ ಸಣ್ಣ ದುಂಡು ರಚನೆ) ಎದ್ದುಕಾಣುವುದು ಎಂಬ ಪಟ್ಟಿ ಸಿಗುತ್ತದೆ. ಪಟ್ಟಿ ಸರಿಯಾಗಿಯೇ ಇದೆ, ಆದರೆ ಅದನ್ನು ಕಂಠಪಾಠ ಮಾಡಿದವರು ಮೊದಲ ದಿನವೇ ಗೊಂದಲಕ್ಕೆ ಬೀಳುತ್ತಾರೆ. ಶ್ವಾಸಕೋಶದ ಸಣ್ಣಕೋಶ ಕ್ಯಾನ್ಸರ್ ಅತ್ಯಂತ ಉಗ್ರವಾದ ರೋಗ. ಆದರೂ ಅದರ ಕೋಶಗಳಲ್ಲಿ ದೊಡ್ಡ ನ್ಯೂಕ್ಲಿಯೋಲಸ್ ಕಾಣುವುದಿಲ್ಲ ಮತ್ತು ಕ್ರೊಮ್ಯಾಟಿನ್ ನುಣ್ಣನೆಯ ಹರಳುಗಳಂತೆ ಕೋಶಕೇಂದ್ರದ ತುಂಬ ಹರಡಿರುತ್ತದೆ. ಈ ಕ್ಯಾನ್ಸರ್ ಸೇರುವ ನರ-ಅಂತಃಸ್ರಾವಕ ಗಡ್ಡೆಗಳ (ಹಾರ್ಮೋನು ಸ್ರವಿಸುವ ನರಸಂಬಂಧಿ ಕೋಶಗಳನ್ನು ಹೋಲುವ ಗಡ್ಡೆಗಳ) ಈ ಚುಕ್ಕೆಚುಕ್ಕೆಯ ನೋಟವನ್ನು ಪೆಥಾಲಜಿಸ್ಟರು ‘ಉಪ್ಪು-ಮೆಣಸು’ ಕ್ರೊಮ್ಯಾಟಿನ್ ಎಂದೇ ಕರೆಯುತ್ತಾರೆ. ಥೈರಾಯ್ಡ್ ಗ್ರಂಥಿಯ ಪ್ಯಾಪಿಲರಿ ಕ್ಯಾನ್ಸರ್‌ನಲ್ಲಿ ಇದಕ್ಕೆ ತದ್ವಿರುದ್ಧವಾಗಿ ಕೋಶಕೇಂದ್ರದ ಒಳಭಾಗ ಮಂಜುಗಾಜಿನಂತೆ ಬಿಳಿಚಿಕೊಂಡು, ಕ್ರೊಮ್ಯಾಟಿನ್ ಅಂಚಿಗೆ ಸರಿದಿರುತ್ತದೆ.

ಗರ್ಭಕಂಠದ ಪ್ಯಾಪ್ ಸ್ಲೈಡನ್ನು (ಅಲ್ಲಿಂದ ಉಜ್ಜಿ ತೆಗೆದ ಕೋಶಗಳಿಗೆ ಬಣ್ಣ ಹಾಕಿದ ಸ್ಲೈಡನ್ನು) ಹತ್ತಿರದಿಂದ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಕ್ಯಾನ್ಸರಿಗೆ ಮುಂಚಿನ ಉನ್ನತ ದರ್ಜೆಯ ಬದಲಾವಣೆಯಲ್ಲಿ ಕೋಶಕೇಂದ್ರ ಗಾಢವಾಗಿರುತ್ತದೆ, ಅದರ ಅಂಚು ಮುದುಡಿರುತ್ತದೆ, ಆದರೆ ಕ್ರೊಮ್ಯಾಟಿನ್ ನುಣುಪಾಗಿರಲಿ ಒರಟಾಗಿರಲಿ ಬಹುಮಟ್ಟಿಗೆ ಸಮನಾಗಿ ಹರಡಿರುತ್ತದೆ. ರೋಗ ಅಡಿಯ ಅಂಗಾಂಶಕ್ಕೆ ಇಳಿದು ನಿಜವಾದ ಕ್ಯಾನ್ಸರ್ ಆದಾಗ ಈ ಸಮತೆ ಮುರಿಯುತ್ತದೆ: ಒಂದು ಕಡೆ ಚೂಪು ಅಂಚಿನ ಮುದ್ದೆಗಳು, ಅವುಗಳ ಪಕ್ಕದಲ್ಲೇ ಏನೂ ಇಲ್ಲದ ತಿಳಿ ಜಾಗಗಳು, ಹಲವು ಕೋಶಗಳಲ್ಲಿ ನ್ಯೂಕ್ಲಿಯೋಲಸ್ ಸಹ ಕಾಣುತ್ತವೆ. ಎರಡೂ ಕೋಶಗಳು ಗಾಢವೇ. ಅವುಗಳನ್ನು ಬೇರ್ಪಡಿಸುವುದು ಗಾಢತೆಯ ಪ್ರಮಾಣಕ್ಕಿಂತ ಹಂಚಿಕೆಯ ಅಸಮತೆ. ಸ್ಲೈಡ್ ನೋಡಲು ಕಲಿಯುವವರು ಎಲ್ಲಕ್ಕಿಂತ ಮೊದಲು ರೂಢಿಸಿಕೊಳ್ಳಬೇಕಾದ ನೋಟ ಇದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಹಾಗಿದ್ದರೆ ಗಾಢವಾದ ಕೋಶಕೇಂದ್ರ ಎಂದರೆ ಕ್ಯಾನ್ಸರ್ ಎಂದು ತಿಳಿಯಬಾರದೇ?

ಖಂಡಿತ ತಿಳಿಯಬಾರದು. ಸಾಯುತ್ತಿರುವ ಕೋಶದ ಕೇಂದ್ರ ಕುಗ್ಗಿ ಕಪ್ಪಾಗುತ್ತದೆ. ಅದರಲ್ಲಿ ವಿವರಗಳೇ ಇಲ್ಲದ ಮಸಿಯಂಥ ನೋಟವಿರುತ್ತದೆ. ವಿಕಿರಣ ಚಿಕಿತ್ಸೆ ಪಡೆದ ಅಂಗಾಂಶದಲ್ಲಿ ಕೋಶಕೇಂದ್ರಗಳು ಹಿಗ್ಗಿ ಕ್ರೊಮ್ಯಾಟಿನ್ ಕಲಸಿದಂತೆ ಕಂಡರೂ ಸುತ್ತಲಿನ ಕೋಶದ್ರವ, ಅಂದರೆ ಸೈಟೋಪ್ಲಾಸಂ ಕೂಡ ಅದೇ ಪ್ರಮಾಣದಲ್ಲಿ ಹಿಗ್ಗಿರುತ್ತದೆ. ಹರ್ಪಿಸ್ ಸೋಂಕಿನಲ್ಲಿ ಹಲವು ಕೇಂದ್ರಗಳು ಒಂದಕ್ಕೊಂದು ಒತ್ತಿಕೊಂಡು ಮಂಜುಗಾಜಿನಂತಾಗುತ್ತವೆ. ಬಿ12 ಜೀವಸತ್ವ ಅಥವಾ ಫೋಲೇಟ್ ಕೊರತೆಯಿದ್ದವರಲ್ಲಿ ಡಿಎನ್‌ಎ ತಯಾರಿಕೆ ಕುಂಠಿತವಾಗಿ ಮೂಳೆಮಜ್ಜೆಯ ಕೋಶಗಳ ಕೇಂದ್ರಗಳು ಹಿಗ್ಗುತ್ತವೆ, ಅವುಗಳ ಕ್ರೊಮ್ಯಾಟಿನ್ ಜಾಲರಿಯಂತೆ ತೆರೆದುಕೊಂಡಿರುತ್ತದೆ. ಇವು ಯಾವುವೂ ಕ್ಯಾನ್ಸರ್ ಅಲ್ಲ. ಒಂದು ಕೋಶವನ್ನು ನೋಡಿ ತೀರ್ಮಾನಿಸುವ ಬದಲು ಅದರ ನೆರೆಹೊರೆಯನ್ನು, ರೋಗಿಯ ವಯಸ್ಸು ಮತ್ತು ಹಿಂದಿನ ಚಿಕಿತ್ಸೆಯನ್ನು ಒಟ್ಟಿಗೆ ಇಟ್ಟು ನೋಡಬೇಕಾದ ಕಾರಣ ಇದೇ.

ಕ್ಯಾನ್ಸರ್‌ನಲ್ಲಿ ಕ್ರೊಮ್ಯಾಟಿನ್ ಏಕೆ ಬದಲಾಗುತ್ತದೆ?

ಹಲವು ಕಾರಣಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಮೊದಲನೆಯದು ಡಿಎನ್‌ಎ ಪ್ರಮಾಣದ ಹೆಚ್ಚಳ. ಅನೇಕ ಕ್ಯಾನ್ಸರ್‌ಗಳ ಕೋಶಗಳಲ್ಲಿ ಕ್ರೋಮೋಸೋಮುಗಳ ಸಂಖ್ಯೆ 46ಕ್ಕೆ ನಿಲ್ಲುವುದಿಲ್ಲ ಮತ್ತು ಈ ಅಸ್ತವ್ಯಸ್ತತೆಗೂ ಗಡ್ಡೆಗಳಿಗೂ ಇರುವ ಸಂಬಂಧವನ್ನು ಥಿಯೊಡೊರ್ ಬೊವೆರಿ 1914ರಲ್ಲೇ ಮುಂದಿಟ್ಟಿದ್ದರು. ಎರಡನೆಯದು ಹಿಸ್ಟೋನ್‌ಗಳ ಮೇಲಿನ ರಾಸಾಯನಿಕ ಗುರುತುಗಳ ಬದಲಾವಣೆ: ಎಚ್4 ಹಿಸ್ಟೋನಿನ 16ನೆಯ ಸ್ಥಾನದ ಲೈಸೀನ್ ಎಂಬ ಅಮೈನೋ ಆಮ್ಲದ ಮೇಲಿನ ಅಸಿಟೈಲ್ ಗುರುತು ಮತ್ತು 20ನೆಯ ಲೈಸೀನ್ ಮೇಲಿನ ಮೂರು ಮೀಥೈಲ್ ಗುಂಪುಗಳು ಅನೇಕ ಕ್ಯಾನ್ಸರ್‌ಗಳಲ್ಲಿ ಕಡಿಮೆಯಾಗುತ್ತವೆ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮೂರನೆಯದು ಕೋಶಕೇಂದ್ರದ ಒಳಗೋಡೆಗೆ ಆಧಾರವಾಗಿರುವ ಲ್ಯಾಮಿನ್ ಪ್ರೋಟೀನುಗಳ ಏರುಪೇರು. ಹೆಟೆರೊಕ್ರೊಮ್ಯಾಟಿನ್‌ನ ಗಣನೀಯ ಭಾಗ ಈ ಗೋಡೆಗೆ ಅಂಟಿಕೊಂಡಿರುವುದರಿಂದ ಗೋಡೆ ಸಡಿಲವಾದರೆ ಅಂಚಿನ ಆಕಾರವೂ ಒಳಗಿನ ಹಂಚಿಕೆಯೂ ಒಟ್ಟಿಗೆ ಕೆಡುತ್ತವೆ.

ಕೆಲವು ಸಲ ಕಾರಣ ಮತ್ತು ನೋಟದ ನಡುವಿನ ದಾರಿ ನೇರವಾಗಿಯೇ ಇದೆ. ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರ್‌ಗೆ ಸಂಬಂಧಿಸಿದ ಆರ್‌ಇಟಿ/ಪಿಟಿಸಿ ಎಂಬ ಬೆಸೆದ ಜೀನನ್ನು ಆರೋಗ್ಯವಂತ ಥೈರಾಯ್ಡ್ ಕೋಶಗಳಿಗೆ ಸೇರಿಸಿದಾಗ, ಕೋಶಕೇಂದ್ರದ ಅಂಚು ಅಂಕುಡೊಂಕಾಗಿ ಕ್ರೊಮ್ಯಾಟಿನ್ ಸಡಿಲಗೊಂಡದ್ದು 1990ರ ದಶಕದ ಪ್ರಯೋಗಗಳಲ್ಲಿ ಕಂಡುಬಂತು.

ಸ್ಲೈಡ್ ತಯಾರಿಕೆಗೆ ಇಷ್ಟೊಂದು ಮಹತ್ವ ಏಕೆ?

ಸೂಕ್ಷ್ಮದರ್ಶಕದ ಕೆಳಗೆ ನಮಗೆ ಸಿಗುವುದು ಜೀವಂತ ಕೋಶವಲ್ಲ, ರಾಸಾಯನಿಕದಲ್ಲಿ ಸ್ಥಿರಗೊಳಿಸಿದ ಕೋಶ. ಕ್ರೊಮ್ಯಾಟಿನ್‌ನ ಹಂಚಿಕೆ ಆ ಸ್ಥಿರೀಕರಣದ ರೀತಿಯನ್ನೂ ಅವಲಂಬಿಸಿದೆ. ಗರ್ಭಕಂಠದಿಂದ ಉಜ್ಜಿ ತೆಗೆದ ಕೋಶಗಳನ್ನು ಗಾಜಿನ ಮೇಲೆ ಹರಡಿದ ಕೂಡಲೇ ಶೇ 95ರ ಆಲ್ಕೋಹಾಲಿನಲ್ಲಿ ಅದ್ದಬೇಕು. ಸ್ಲೈಡ್ ಗಾಳಿಗೆ ಒಣಗಲು ಬಿಟ್ಟರೆ ಕೋಶಗಳು ಚಪ್ಪಟೆಯಾಗಿ ಕೇಂದ್ರಗಳು ಹಿಗ್ಗುತ್ತವೆ, ಕ್ರೊಮ್ಯಾಟಿನ್ ಬಣ್ಣಗೆಟ್ಟು ಮಸುಕಾಗುತ್ತದೆ. ಅಂಥ ಸ್ಲೈಡಿನಲ್ಲಿ ಆರೋಗ್ಯವಂತ ಕೋಶವೂ ಸಂಶಯಾಸ್ಪದವಾಗಿ ಕಾಣಬಹುದು. ಮೇ-ಗ್ರುನ್‌ವಾಲ್ಡ್-ಗೀಮ್ಸಾದಂಥ ಬಣ್ಣಕ್ಕಾದರೆ ಸ್ಲೈಡನ್ನು ಉದ್ದೇಶಪೂರ್ವಕವಾಗಿ ಒಣಗಿಸುತ್ತಾರೆ, ಹಾಗಾಗಿ ಅದರಲ್ಲಿನ ಕೇಂದ್ರದ ಗಾತ್ರವನ್ನು ಪ್ಯಾಪ್ ಸ್ಲೈಡಿನ ಗಾತ್ರಕ್ಕೆ ಹೋಲಿಸುವುದು ತಪ್ಪು.

ಅಂಗಾಂಶದ ತುಂಡುಗಳಲ್ಲಿ ತೊಂದರೆ ಬೇರೆ ಬಗೆಯದು. ಶೇ 10ರ ತಟಸ್ಥ ಫಾರ್ಮಲಿನ್ ಅಂಗಾಂಶದೊಳಕ್ಕೆ ನಿಧಾನವಾಗಿ ಇಳಿಯುತ್ತದೆ, ಗಂಟೆಗೆ ಸುಮಾರು 1 ಮಿಲಿಮೀಟರ್ ಎಂಬುದು ಸಾಮಾನ್ಯ ಅಂದಾಜು. ದಪ್ಪ ತುಂಡನ್ನು ಕತ್ತರಿಸದೆ ಹಾಗೆಯೇ ಡಬ್ಬಿಗೆ ಹಾಕಿದರೆ ಹೊರಭಾಗದ ಕೋಶಗಳು ಚೆನ್ನಾಗಿ ಉಳಿದು ಒಳಭಾಗದವು ಕೊಳೆಯಲು ಆರಂಭಿಸಿರುತ್ತವೆ, ಮತ್ತು ಒಂದೇ ಗಡ್ಡೆಯಲ್ಲಿ ಎರಡು ಬಗೆಯ ಕ್ರೊಮ್ಯಾಟಿನ್ ಇರುವಂತೆ ಭ್ರಮೆ ಹುಟ್ಟುತ್ತದೆ. ಬಯಾಪ್ಸಿ ತೆಗೆಯುವಾಗ ಇಕ್ಕಳ ಹಿಂಡಿದ ಕಡೆ ಸಣ್ಣಕೋಶ ಕ್ಯಾನ್ಸರಿನ ಕೇಂದ್ರಗಳು ಒಡೆದು ಕ್ರೊಮ್ಯಾಟಿನ್ ಉದ್ದನೆಯ ನೀಲಿ ಗೆರೆಗಳಾಗಿ ಎಳೆದುಕೊಳ್ಳುತ್ತದೆ. ಮೇಲೆ ಹೇಳಿದ ಥೈರಾಯ್ಡ್ ಕ್ಯಾನ್ಸರಿನ ಮಂಜುಗಾಜಿನ ನೋಟವೂ ಫಾರ್ಮಲಿನ್ ಮತ್ತು ಪ್ಯಾರಾಫಿನ್ ಮೇಣ ದಾಟಿ ಬಂದ ಸೆಕ್ಷನ್‌ಗಳಲ್ಲೇ (ಅಂಗಾಂಶದ ತೆಳು ಸೀಳುಗಳಲ್ಲೇ) ಚೆನ್ನಾಗಿ ಕಾಣುತ್ತದೆ. ಶಸ್ತ್ರಚಿಕಿತ್ಸೆಯ ನಡುವೆ ಹೆಪ್ಪುಗಟ್ಟಿಸಿ ಕೊಯ್ದ ಸೆಕ್ಷನ್‌ಗಳಲ್ಲಿ ಅದು ಹೆಚ್ಚಾಗಿ ಕಾಣದೇ ಹೋಗುತ್ತದೆ. ತಯಾರಿಕೆಯಿಂದ ಹುಟ್ಟಿದ ನೋಟವಾದರೂ ಅದು ಪ್ರತಿಬಾರಿಯೂ ಒಂದೇ ರೀತಿಯಲ್ಲಿ ಹುಟ್ಟುವುದರಿಂದ ರೋಗನಿರ್ಣಯಕ್ಕೆ ನೆರವಾಗಿದೆ. ಕ್ರೊಮ್ಯಾಟಿನ್ ಅಧ್ಯಯನದ ಗುಣಮಟ್ಟ ಕ್ಯಾಮೆರಾದಿಂದಲ್ಲ, ಫಾರ್ಮಲಿನ್ ಡಬ್ಬಿಯಿಂದ ಆರಂಭವಾಗುತ್ತದೆ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಯಾವ ಬಣ್ಣವನ್ನು ಬಳಸಬೇಕು?

ಉತ್ತರ ನಿಮ್ಮ ಉದ್ದೇಶದ ಮೇಲೆ ನಿಂತಿದೆ. ಒಂದು ಜಾತಿಯ ಮರದ ತಿರುಳಿನಿಂದ ದೊರೆಯುವ ಹಿಮಟಾಕ್ಸಿಲಿನ್, ಅಲ್ಯೂಮಿನಿಯಂ ಲವಣದ ಸಹಾಯದಿಂದ ಕೋಶಕೇಂದ್ರಕ್ಕೆ ನೇರಳೆ-ನೀಲಿ ಬಣ್ಣ ಕೊಡುತ್ತದೆ. ಕಣ್ಣಿನಿಂದ ನೋಡಿ ರೋಗ ಗುರುತಿಸಲು ಇದಕ್ಕಿಂತ ಉತ್ತಮವಾದದ್ದು ಇಲ್ಲ. ಆದರೆ ಅದು ಎಷ್ಟು ಅಂಟುತ್ತದೆ ಎಂಬುದು ದ್ರಾವಣ ಎಷ್ಟು ಹಳೆಯದು, ಎಷ್ಟು ನಿಮಿಷ ಅದ್ದಿದ್ದು, ತೊಳೆದ ನೀರಿನ ಗುಣ ಎಂಥದ್ದು ಎಂಬುದರ ಮೇಲೆಲ್ಲ ಅವಲಂಬಿಸಿರುವುದರಿಂದ, ಹಿಮಟಾಕ್ಸಿಲಿನ್‌ನ ಗಾಢತೆಯನ್ನು ಡಿಎನ್‌ಎ ಪ್ರಮಾಣವೆಂದು ಓದುವಂತಿಲ್ಲ.

ಡಿಎನ್‌ಎ ಅಳೆಯಬೇಕಾದರೆ ರಾಬರ್ಟ್ ಫ್ಯೂಲ್ಗೆನ್ 1924ರಲ್ಲಿ ಪ್ರಕಟಿಸಿದ ವಿಧಾನವೇ ಇಂದಿಗೂ ನಂಬಿಕಸ್ಥ. ಹೈಡ್ರೋಕ್ಲೋರಿಕ್ ಆಮ್ಲ ಡಿಎನ್‌ಎಯಿಂದ ಪ್ಯೂರಿನ್‌ಗಳನ್ನು (ಎ ಮತ್ತು ಜಿ ಅಕ್ಷರಗಳನ್ನು) ಕಳಚಿ ಆಲ್ಡಿಹೈಡ್ ಗುಂಪುಗಳನ್ನು ತೆರೆದಿಡುತ್ತದೆ, ಶಿಫ್ ದ್ರಾವಣ ಅವುಗಳಿಗೆ ಅಂಟಿ ಕೆನ್ನೇರಳೆ ಬಣ್ಣ ಕೊಡುತ್ತದೆ ಮತ್ತು ಆ ಬಣ್ಣ ಡಿಎನ್‌ಎ ಪ್ರಮಾಣಕ್ಕೆ ಅನುಗುಣವಾಗಿರುತ್ತದೆ. ಆಮ್ಲದಲ್ಲಿ ಇರಿಸುವ ಸಮಯ ಕಡಿಮೆಯಾದರೆ ಬಣ್ಣ ಪೂರ್ತಿ ಬರುವುದಿಲ್ಲ. ಹೆಚ್ಚಾದರೆ ಡಿಎನ್‌ಎಯೇ ಕರಗಿ ಹೋಗುತ್ತದೆ. ಪ್ರತಿ ಸ್ಲೈಡಿನಲ್ಲೂ ರೋಗಿಯ ಸ್ವಂತ ಲಿಂಫೋಸೈಟ್‌ಗಳನ್ನು (ಒಂದು ಬಗೆಯ ಬಿಳಿ ರಕ್ತಕಣಗಳನ್ನು) ಅಳತೆಗೋಲಾಗಿ ಇಟ್ಟುಕೊಳ್ಳುವುದು ಒಳ್ಳೆಯ ರೂಢಿ. ಬಣ್ಣದ ಅಣುಗಳನ್ನು ಬೆಳಕಿನಿಂದ ಹೊಳೆಯಿಸಿ ನೋಡುವ ಪ್ರತಿದೀಪ್ತಿ (ಫ್ಲೋರೊಸೆನ್ಸ್) ಸೂಕ್ಷ್ಮದರ್ಶಕವಿದ್ದರೆ ಡಾಪಿ ಅಥವಾ ಹೋಕ್ಸ್ಟ್ ಬಣ್ಣ ಬಳಸಬಹುದು. ಇವು ಡಿಎನ್‌ಎಯ ಎ-ಟಿ ಜೋಡಿಗಳು ಹೆಚ್ಚಿರುವ ಕಡೆ ಹೆಚ್ಚು ಅಂಟುತ್ತವೆ ಎಂಬುದನ್ನು ಫಲಿತಾಂಶ ಓದುವಾಗ ನೆನಪಿಡಬೇಕು.

ಮಸೂರ ಮತ್ತು ಕ್ಯಾಮೆರಾದ ವಿಷಯದಲ್ಲಿ ಏನು ಗಮನಿಸಬೇಕು?

ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದಕ್ಕಿಂತ ಮಸೂರದ ನ್ಯೂಮರಿಕಲ್ ಅಪರ್ಚರ್ (ಅದು ಎಷ್ಟು ಅಗಲ ಕೋನದ ಬೆಳಕನ್ನು ಹಿಡಿಯುತ್ತದೆ ಎಂಬ ಅಳತೆ) ಮುಖ್ಯ. ಎರ್ನ್ಸ್ಟ್ ಅಬ್ಬೆ 1873ರಲ್ಲಿ ತೋರಿಸಿದಂತೆ, ಬೇರ್ಪಡಿಸಿ ನೋಡಬಹುದಾದ ಕನಿಷ್ಠ ಅಂತರವು ಬೆಳಕಿನ ತರಂಗಾಂತರವನ್ನು ಅಪರ್ಚರ್‌ನ ಎರಡರಷ್ಟರಿಂದ ಭಾಗಿಸಿದಷ್ಟು. 550 ನ್ಯಾನೋಮೀಟರ್ ಹಸಿರು ಬೆಳಕಿನಲ್ಲಿ 0.65 ಅಪರ್ಚರ್ ಇರುವ 40 ಪಟ್ಟಿನ ಮಸೂರ ಸುಮಾರು 420 ನ್ಯಾನೋಮೀಟರ್ ವಿವರವನ್ನು ಕೊಟ್ಟರೆ, 1.4 ಅಪರ್ಚರ್ ಇರುವ ಎಣ್ಣೆ ಮಸೂರ ಸುಮಾರು 200 ನ್ಯಾನೋಮೀಟರ್ ವಿವರವನ್ನು ಕೊಡುತ್ತದೆ. ಕ್ಯಾಮೆರಾದ ಪ್ರತಿ ಪಿಕ್ಸೆಲ್ ಇದರ ಅರ್ಧಕ್ಕಿಂತ ಚಿಕ್ಕ ಜಾಗವನ್ನು ಹಿಡಿಯಬೇಕು. ಪಿಕ್ಸೆಲಿಗೆ 0.25 ಮೈಕ್ರೋಮೀಟರ್ ದರದಲ್ಲಿ ಸ್ಲೈಡ್ ಸ್ಕ್ಯಾನ್ ಮಾಡುವ ಯಂತ್ರಗಳು ರೋಗನಿರ್ಣಯಕ್ಕೆ ಸಾಕಾಗುತ್ತವೆ, ಕ್ರೊಮ್ಯಾಟಿನ್‌ನ ಅತಿಸೂಕ್ಷ್ಮ ವಿನ್ಯಾಸವನ್ನು ಅಳೆಯಲು ಸಾಲುವುದಿಲ್ಲ.

ಸ್ಲೈಡಿನ ಮೇಲೆ ಬೆಳಕನ್ನು ಕೂಡಿಸುವ ಕಂಡೆನ್ಸರ್ ಮಸೂರದ ಕೆಳಗಿರುವ ಡಯಾಫ್ರಂ (ಬೆಳಕಿನ ಕಿಂಡಿ) ಅನ್ನು ಅತಿಯಾಗಿ ಮುಚ್ಚುವುದು ತೀರಾ ಸಾಮಾನ್ಯವಾದ ದೋಷ. ಆಗ ಚಿತ್ರ ಗಡಸಾಗಿ, ನುಣುಪಾದ ಕ್ರೊಮ್ಯಾಟಿನ್ ಕೂಡ ಒರಟು ಮುದ್ದೆಯಂತೆ ಕಾಣುತ್ತದೆ. ಬೆಳಕು ಎಲ್ಲೆಡೆ ಸಮನಾಗಿ ಬೀಳುವಂತೆ ಮಾಡುವ ಕೋಹ್ಲರ್ ವಿಧಾನದಲ್ಲಿ ಬೆಳಕನ್ನು ಹೊಂದಿಸಿ, ಖಾಲಿ ಗಾಜಿನ ಚಿತ್ರವನ್ನೂ ತೆಗೆದಿಟ್ಟುಕೊಂಡು, ಎಲ್ಲ ಸ್ಲೈಡ್‌ಗಳನ್ನು ಒಂದೇ ಹೊಂದಾಣಿಕೆಯಲ್ಲಿ ಚಿತ್ರಿಸಬೇಕು. ಅಳತೆಗೆ ಬಳಸುವ ಚಿತ್ರಗಳನ್ನು ಜೆಪೆಗ್ ರೂಪದಲ್ಲಿ ಕುಗ್ಗಿಸಬಾರದು.

ಕಣ್ಣಿನ ನೋಟವನ್ನು ಸಂಖ್ಯೆಗಳಾಗಿ ಬದಲಿಸುವುದು ಹೇಗೆ?

ಮೊದಲು ಪ್ರತಿ ಕೋಶಕೇಂದ್ರದ ಗಡಿ ಗುರುತಿಸಿ, ಅದರ ವಿಸ್ತೀರ್ಣ, ದುಂಡುತನ ಮತ್ತು ಒಟ್ಟು ಗಾಢತೆಯನ್ನು ಅಳೆಯುತ್ತಾರೆ. ಆಮೇಲೆ ಬರುವುದು ವಿನ್ಯಾಸದ ಅಳತೆ. ರಾಬರ್ಟ್ ಹ್ಯಾರಲಿಕ್ ಮತ್ತು ಸಂಗಡಿಗರು 1973ರಲ್ಲಿ ರೂಪಿಸಿದ ವಿಧಾನದಲ್ಲಿ, ಒಂದು ಬೂದು ಮಟ್ಟದ ಪಿಕ್ಸೆಲಿನ ಪಕ್ಕದಲ್ಲಿ ಇನ್ನೊಂದು ಮಟ್ಟದ ಪಿಕ್ಸೆಲ್ ಎಷ್ಟು ಸಲ ಬರುತ್ತದೆ ಎಂಬುದನ್ನು ಕೋಷ್ಟಕದಲ್ಲಿ ಎಣಿಸಲಾಗುತ್ತದೆ. ಸಮನಾಗಿ ಹರಡಿದ ಕ್ರೊಮ್ಯಾಟಿನ್‌ನಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ಮುದ್ದೆಗಟ್ಟಿದ ಕ್ರೊಮ್ಯಾಟಿನ್‌ನಲ್ಲಿ ಕಪ್ಪಿನ ಪಕ್ಕದಲ್ಲೇ ಬಿಳಿ ಬರುತ್ತದೆ. ಆ ಕೋಷ್ಟಕದಿಂದ ಎಂಟ್ರೊಪಿ (ಅಸ್ತವ್ಯಸ್ತತೆ), ವ್ಯತಿರಿಕ್ತತೆ ಮೊದಲಾದ ಅಳತೆಗಳು ಹುಟ್ಟುತ್ತವೆ.

ನಾರ್ವೆಯ ಓಸ್ಲೋದ ಸಂಶೋಧಕರು ಇದೇ ದಾರಿಯಲ್ಲಿ ಮುಂದುವರಿದು, ಫ್ಯೂಲ್ಗೆನ್ ಬಣ್ಣ ಹಾಕಿದ ಕೋಶಕೇಂದ್ರಗಳ ಕ್ರೊಮ್ಯಾಟಿನ್ ವಿನ್ಯಾಸವು ಹಲವು ಬಗೆಯ ಕ್ಯಾನ್ಸರ್‌ಗಳಲ್ಲಿ ರೋಗಿಗಳ ಮುಂದಿನ ಸ್ಥಿತಿಯನ್ನು ಊಹಿಸಲು ನೆರವಾಗುತ್ತದೆ ಎಂದು 2018ರಲ್ಲಿ ತೋರಿಸಿದರು. ಅವರು 3-5 ಮೈಕ್ರೋಮೀಟರಿನ ತೆಳು ಸೆಕ್ಷನ್ ಬಳಸದೆ, ದಪ್ಪ ಸೆಕ್ಷನ್‌ನಿಂದ ಕೇಂದ್ರಗಳನ್ನು ಇಡಿಯಾಗಿ ಬಿಡಿಸಿ ತೆಗೆದಿದ್ದರು. ತೆಳು ಸೆಕ್ಷನ್‌ನಲ್ಲಿ ಚಾಕು ಬಹುತೇಕ ಕೇಂದ್ರಗಳನ್ನು ನಡುವೆಯೇ ಕತ್ತರಿಸಿರುತ್ತದೆ ಮತ್ತು ಅರ್ಧ ಕೇಂದ್ರದ ಡಿಎನ್‌ಎ ಅಳೆದು ಪೂರ್ತಿ ಕೇಂದ್ರದ ಬಗ್ಗೆ ಮಾತನಾಡಲಾಗದು.

ಯಂತ್ರಕಲಿಕೆ ಇಲ್ಲಿ ಉಪಯೋಗಕ್ಕೆ ಬರುತ್ತದೆಯೇ?

ಬರುತ್ತದೆ, ಮತ್ತು ಇದರಲ್ಲಿ ಬೆಂಗಳೂರಿಗೂ ನಂಟಿದೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಕೆಲಸ ಮಾಡಿ, ಬಳಿಕ ಸಿಂಗಪುರ ಮತ್ತು ಸ್ವಿಟ್ಜರ್ಲೆಂಡ್‌ನಲ್ಲಿ ಸಂಶೋಧನೆ ಮುಂದುವರಿಸಿದ ಜಿ.ವಿ. ಶಿವಶಂಕರ್, ಅಮೆರಿಕದ ಎಂಐಟಿಯ ಕ್ಯಾರೊಲಿನ್ ಊಲರ್ ಜತೆಗೂಡಿ 2017ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಡಿಎನ್‌ಎ ಬಣ್ಣ ಹಾಕಿದ ಕೋಶಕೇಂದ್ರಗಳ ಚಿತ್ರಗಳಿಂದಲೇ ಆರೋಗ್ಯವಂತ ಮತ್ತು ಕ್ಯಾನ್ಸರ್ ಕೋಶಗಳನ್ನು ಬೇರ್ಪಡಿಸಲು ಕಂಪ್ಯೂಟರಿಗೆ ಕಲಿಸಲಾಯಿತು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಕ್ಯಾನ್ಸರ್ ಸ್ಲೈಡ್‌ಗಳೆಲ್ಲ ಒಂದು ಪ್ರಯೋಗಾಲಯದಿಂದಲೂ ಆರೋಗ್ಯವಂತ ಸ್ಲೈಡ್‌ಗಳೆಲ್ಲ ಮತ್ತೊಂದರಿಂದಲೂ ಬಂದಿದ್ದರೆ, ಕಂಪ್ಯೂಟರ್ ಕಲಿಯುವುದು ಕ್ಯಾನ್ಸರನ್ನಲ್ಲ, ಬಣ್ಣ ಹಾಕುವ ಶೈಲಿಯನ್ನು.

ಪ್ರತಿಕಾಯಗಳಿಂದ ಕ್ರೊಮ್ಯಾಟಿನ್ ಬದಲಾವಣೆಯನ್ನು ನೇರವಾಗಿ ತೋರಿಸಬಹುದೇ?

ತೋರಿಸಬಹುದು, ಮತ್ತು ದಿನನಿತ್ಯದ ರೋಗನಿರ್ಣಯದಲ್ಲಿ ಇದು ಈಗಾಗಲೇ ಬಳಕೆಯಲ್ಲಿದೆ. ಹೆಚ್ಚಾಗಿ ಮಕ್ಕಳಲ್ಲಿ ಮಿದುಳಿನ ನಡುಭಾಗದಲ್ಲಿ ಬೆಳೆಯುವ ಗ್ಲಯೋಮಾ ಎಂಬ ಒಂದು ಬಗೆಯ ಗಡ್ಡೆಯಲ್ಲಿ ಎಚ್3 ಹಿಸ್ಟೋನಿನ 27ನೆಯ ಲೈಸೀನ್ ಇರುವ ಜಾಗದಲ್ಲಿ ಸಾಮಾನ್ಯವಾಗಿ ಮೆಥಿಯೊನೀನ್ ಎಂಬ ಬೇರೆ ಅಮೈನೋ ಆಮ್ಲ ಬಂದು ಕೂರುತ್ತದೆ, ಅದರಿಂದ ಆ ಜಾಗದ ಮೂರು ಮೀಥೈಲ್ ಗುಂಪುಗಳ ಗುರುತು ಇಡೀ ಕೋಶದಲ್ಲಿ ಅಳಿಯುತ್ತದೆ. ಆ ಗುರುತಿಗೆ ಅಂಟುವ ಪ್ರತಿಕಾಯದಿಂದ ಸೆಕ್ಷನ್‌ಗೆ ಕಂದು ಬಣ್ಣ ಹಾಕಿದಾಗ ಗಡ್ಡೆಯ ಕೇಂದ್ರಗಳು ನೀಲಿಯಾಗಿಯೇ ಉಳಿಯುತ್ತವೆ, ನಡುವೆ ಹಾದುಹೋಗುವ ರಕ್ತನಾಳದ ಗೋಡೆಯ ಕೇಂದ್ರಗಳು ಮಾತ್ರ ಕಂದಾಗುತ್ತವೆ. ರಕ್ತನಾಳ ಕಂದಾಗದಿದ್ದರೆ ಪರೀಕ್ಷೆಯೇ ವಿಫಲವಾಗಿದೆ ಎಂದರ್ಥ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಲ್ಲಿ ಈ ಗಡ್ಡೆಯ ಹೆಸರಿನಲ್ಲೇ ಈ ಹಿಸ್ಟೋನ್ ಬದಲಾವಣೆ ಸೇರಿದೆ. ಕ್ರೊಮ್ಯಾಟಿನ್ ಅನ್ನು ಮರುಜೋಡಿಸುವ ಐಎನ್‌ಐ-1 ಪ್ರೋಟೀನ್ ಕಾಣೆಯಾಗಿರುವುದನ್ನು ರಾಬ್ಡಾಯ್ಡ್ ಗಡ್ಡೆಗಳಲ್ಲಿ (ಹೆಚ್ಚಾಗಿ ಚಿಕ್ಕ ಮಕ್ಕಳಲ್ಲಿ ಕಾಣುವ ಉಗ್ರ ಗಡ್ಡೆಗಳಲ್ಲಿ) ಗುರುತಿಸುವುದೂ ಇದೇ ಬಗೆಯ ಪರೀಕ್ಷೆಯಿಂದ.

200 ನ್ಯಾನೋಮೀಟರ್ ಮಿತಿಯನ್ನು ದಾಟಲು ಬೆಳಕಿಗೆ ಸಾಧ್ಯವಿಲ್ಲವೇ?

ಸಾಧ್ಯವಿದೆ, ಅದಕ್ಕೆ ಎರಡು ಬೇರೆ ಬೇರೆ ದಾರಿಗಳಿವೆ. ಒಂದು ಪ್ರತಿದೀಪ್ತಿಯ ದಾರಿ. ಹೊಳೆಯುವ ಅಣುಗಳನ್ನು ಒಂದೊಂದಾಗಿ ಬೆಳಗಿಸಿ ಅವುಗಳ ಸ್ಥಾನವನ್ನು ಲೆಕ್ಕ ಹಾಕುವ, ಅಥವಾ ಹೊಳೆಯುವ ಬಿಂದುವಿನ ಸುತ್ತಲಿನ ಬೆಳಕನ್ನು ಆರಿಸಿ ಅದನ್ನು ಕಿರಿದಾಗಿಸುವ ವಿಧಾನಗಳಿಗೆ ದಾರಿ ತೆರೆದ ಎರಿಕ್ ಬೆಟ್ಜಿಗ್, ಸ್ಟೆಫಾನ್ ಹೆಲ್ ಮತ್ತು ವಿಲಿಯಂ ಮೊರ್ನರ್ ಅವರಿಗೆ 2014ರ ರಸಾಯನಶಾಸ್ತ್ರ ನೊಬೆಲ್ ದೊರೆಯಿತು. ಅಮೆರಿಕದ ಪಿಟ್ಸ್‌ಬರ್ಗ್‌ನ ಸಂಶೋಧಕರು ಈ ತಂತ್ರವನ್ನು ಆಸ್ಪತ್ರೆಯ ಪ್ಯಾರಾಫಿನ್ ಸೆಕ್ಷನ್‌ಗಳಿಗೆ ಹೊಂದಿಸಿಕೊಂಡು, ಗಡ್ಡೆ ಬಲಿಯುವ ಮೊದಲೇ ಹೆಟೆರೊಕ್ರೊಮ್ಯಾಟಿನ್‌ನ ದಟ್ಟವಾದ ಮಡಿಕೆ ಸಡಿಲಗೊಳ್ಳುವುದನ್ನು 2020ರಲ್ಲಿ ವರದಿ ಮಾಡಿದರು.

ಎರಡನೆಯ ದಾರಿಯಲ್ಲಿ ಬಣ್ಣದ ಹೊಳಪಿನ ಅವಶ್ಯಕತೆಯಿಲ್ಲ. ದಟ್ಟವಾದ ಕ್ರೊಮ್ಯಾಟಿನ್ ಮತ್ತು ಸಡಿಲವಾದ ಕ್ರೊಮ್ಯಾಟಿನ್ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುತ್ತವೆ, ಹಾಗಾಗಿ ಕೋಶದಿಂದ ಹಿಂದಿರುಗುವ ಬೆಳಕಿನ ರೋಹಿತದಲ್ಲಿ ಸಣ್ಣ ಏರಿಳಿತಗಳು ಮೂಡುತ್ತವೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವಾದಿಂ ಬ್ಯಾಕ್‌ಮನ್ ತಂಡ ಈ ಏರಿಳಿತಗಳಿಂದ 200 ನ್ಯಾನೋಮೀಟರಿಗಿಂತ ಸಣ್ಣ ರಚನೆಗಳ ಅಸಮತೆಯನ್ನು ಅಂದಾಜಿಸುತ್ತದೆ. ಇಲ್ಲಿ ರಚನೆಯ ಚಿತ್ರ ಸಿಗುವುದಿಲ್ಲ, ಅದರ ಅಂಕಿಅಂಶ ಮಾತ್ರ ಸಿಗುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಇರುವವರ ಕೆನ್ನೆಯ ಒಳಪದರದಿಂದ ತೆಗೆದ, ಕಣ್ಣಿಗೆ ಸಹಜವೆಂದೇ ತೋರುವ ಕೋಶಗಳಲ್ಲೂ ಈ ಅಸಮತೆ ಹೆಚ್ಚಿರುವುದನ್ನು ಆ ತಂಡ 2010ರಲ್ಲಿ ವರದಿ ಮಾಡಿತು. ಬಾಯಿಯ ಕ್ಯಾನ್ಸರ್ ಇಷ್ಟೊಂದು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಕೆನ್ನೆಯ ಕೋಶಗಳ ಇಂಥ ಅಧ್ಯಯನ ಗಂಭೀರವಾಗಿ ನಡೆಯಬೇಕು ಎಂಬುದು ನನ್ನ ಅಭಿಪ್ರಾಯ.

ಜೀವಂತ ಕೋಶದಲ್ಲಿ ಕ್ರೊಮ್ಯಾಟಿನ್ ನೋಡಬಹುದೇ?

ಹಿಸ್ಟೋನಿಗೆ ಹೊಳೆಯುವ ಪ್ರೋಟೀನ್ ಜೋಡಿಸಿದ ಕೋಶಗಳನ್ನು ಬೆಳೆಸಿದರೆ ನೋಡಬಹುದು. ಹೋಕ್ಸ್ಟ್ ಬಣ್ಣವೂ ಜೀವಂತ ಕೋಶದೊಳಗೆ ಇಳಿಯುತ್ತದೆ, ಆದರೆ ಅದನ್ನು ಹೊಳೆಯಿಸುವ ಅತಿನೇರಳೆ ಬೆಳಕೇ ಡಿಎನ್‌ಎಗೆ ಹಾನಿ ಮಾಡುವುದರಿಂದ ದೀರ್ಘ ವೀಕ್ಷಣೆಗೆ ಸೂಕ್ತವಲ್ಲ.

ಬಯಾಪ್ಸಿ ವರದಿಯಲ್ಲಿ ‘ಹೈಪರ್‌ಕ್ರೊಮ್ಯಾಟಿಕ್ ಕೋಶಕೇಂದ್ರಗಳು’ ಎಂದು ಬರೆದಿದ್ದರೆ ಗಾಬರಿಪಡಬೇಕೇ?

ಆ ಒಂದು ಮಾತಿನಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಕೋಶಕೇಂದ್ರಗಳು ಸಹಜಕ್ಕಿಂತ ಗಾಢವಾಗಿ ಬಣ್ಣ ಹಿಡಿದಿವೆ ಎಂದಷ್ಟೇ ಅದರ ಅರ್ಥ, ಅದು ಪೆಥಾಲಜಿಸ್ಟ್ ಕಂಡದ್ದರ ವಿವರಣೆ. ರೋಗದ ಹೆಸರು ವರದಿಯ ಕೊನೆಯಲ್ಲಿರುವ ಅಭಿಪ್ರಾಯದ ಭಾಗದಲ್ಲಿರುತ್ತದೆ. ಆ ಭಾಗವನ್ನು ನಿಮಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರ ಜತೆ ಕುಳಿತು ಓದಿ. ಸಂಶಯ ಉಳಿದರೆ ಎರಡನೆಯ ಅಭಿಪ್ರಾಯ ಪಡೆಯಬಹುದು. ಅದಕ್ಕೆ ವರದಿಯ ಪ್ರತಿಯೊಂದೇ ಸಾಲದು. ಬಣ್ಣ ಹಾಕಿದ ಸ್ಲೈಡ್‌ಗಳನ್ನೂ ಪ್ಯಾರಾಫಿನ್ ಬ್ಲಾಕನ್ನೂ (ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿದ ತುಂಡನ್ನೂ) ಪ್ರಯೋಗಾಲಯದಿಂದ ಕೇಳಿ ಪಡೆದುಕೊಳ್ಳಿ. ಬ್ಲಾಕ್ ಕೈಯಲ್ಲಿದ್ದರೆ ಎರಡನೆಯ ಪೆಥಾಲಜಿಸ್ಟ್ ಹೊಸ ಸೆಕ್ಷನ್ ಕೊಯ್ದು, ತಮಗೆ ಬೇಕಾದ ಪ್ರತಿಕಾಯ ಪರೀಕ್ಷೆಗಳನ್ನು ಮತ್ತೊಂದು ಬಯಾಪ್ಸಿಯಿಲ್ಲದೆಯೇ ಮಾಡಬಲ್ಲರು. ಬ್ಲಾಕನ್ನು ಬಿಸಿಲಿಗೆ ಅಥವಾ ಕಾರಿನ ಬಿಸಿಗೆ ಒಡ್ಡದೆ ಒಯ್ಯಿರಿ, ಏಕೆಂದರೆ ಮೇಣ ಕರಗಿದರೆ ಒಳಗಿನ ಅಂಗಾಂಶ ಸ್ಥಾನ ತಪ್ಪುತ್ತದೆ.